ಆಂಟಿಯ ಇಂಗ್ಲೆಂಡ್ ನಡಿಗೆ

ಇಳಕಲ್ ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಸಿಕ್ಕಿಸಿ, ಕೆಳಗೆ ಉಣ್ಣೆಯ ಕಾಲುಚೀಲ, ಕೆಸರು ಮೆತ್ತಿದ ಕಂದು ಬೂಟು. ಅಮೆರಿಕದ ರೆಸ್ಟನ್ನಿನ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಆಂಟಿಯನ್ನು ಮೊದಲ ಸಲ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಅದರ ಪರಿವೆಯೇ ಇಲ್ಲ. "ಒಳಗ ಕುಂತು ಏನ್ ಮಾಡ್ತಿ? ಏಳು, ನಡಿ," ಎಂದರು.

ತೊಂಬತ್ತರ ದಶಕದ ಮಾತು. ಗಂಡನಿಗೆ ಆಫೀಸು, ನನಗೆ ಕೆಲಸ ಮಾಡುವಂತಿಲ್ಲದ ವೀಸಾ, ಕಾರು ಓಡಿಸಲು ಬಾರದು. ಮೈಸೂರಿನಲ್ಲಿ ಮನೆಯಲ್ಲಿ ಕಾಲೇ ನಿಲ್ಲದಿದ್ದ ನಾನು ಇಲ್ಲಿ ಪಾರ್ಕಿಂಗ್ ಲಾಟ್ ನೋಡಿ ನೋಡಿ ಹುಚ್ಚಿಯಾಗುವುದೊಂದು ಬಾಕಿ. ಪಕ್ಕದ ಮನೆಯ ಆಂಟಿ ಧಾರವಾಡದ ಕಡೆಯ ಡಾಕ್ಟರು, ನಿವೃತ್ತರು, ಒಂಟಿ. ಮೊದಲು ಇಂಗ್ಲೆಂಡಿನ ಆಸ್ಪತ್ರೆಯಲ್ಲಿದ್ದಾಗ, ರಜೆ ಸಿಕ್ಕರೆ ಸಾಕು, ಬೆನ್ನಿಗೊಂದು ಚೀಲ ಹಾಕಿ ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿದ್ದರಂತೆ. "ಅಲ್ಲಿ ಹೊಲ ರೈತಂದು ಖರೆ, ಹೊಲದಾಗಿನ ದಾರಿ ಎಲ್ಲಾರದು. ಗೇಟ್ ಹಾಕ್ಕೊಂಡು ಹೋದ್ರ ಮುಗೀತು," ಎನ್ನುತ್ತಿದ್ದರು.

ಆ ಅಭ್ಯಾಸವನ್ನು ವರ್ಜೀನಿಯಾದಲ್ಲೂ ಬಿಡಲಿಲ್ಲ. ಒಂದು ಬೆಳಿಗ್ಗೆ ಯಾರದೋ ಕುದುರೆ ಫಾರ್ಮಿನ ಗೇಟು ತೆಗೆದು, ನನ್ನನ್ನೂ ಎಳೆದುಕೊಂಡು, ನೆಟ್ಟಗೆ ಹುಲ್ಲುಗಾವಲಿನ ನಡುವೆ ಹೊರಟರು. ಆಚೆ ತುದಿ ಮುಟ್ಟುವಷ್ಟರಲ್ಲಿ ಪೊಲೀಸ್ ಕಾರು! ನಾನು ಆಂಟಿಯ ಬೆನ್ನ ಹಿಂದೆ ಅಡಗಿದೆ. ಆಂಟಿಯೋ, ತಾವು ಗೇಟು ಹಾಕಿಯೇ ಬಂದಿದ್ದಾಗಿ ಪೊಲೀಸಿನವನಿಗೆ ಗಂಭೀರವಾಗಿ ವಿವರಿಸಿದರು. ಪುಣ್ಯಾತ್ಮ ನಮ್ಮನ್ನು ಮನೆಗೆ ತಂದು ಬಿಟ್ಟ.

ಗಂಡ ಕೆಂಡವಾದರು. "ಗ್ರೀನ್ ಕಾರ್ಡ್ ಅಪ್ಲೈ ಮಾಡೋ ಟೈಮಲ್ಲಿ ಪೊಲೀಸ್ ಕಾರಲ್ಲಿ ಬರ್ತೀಯಲ್ಲೇ! ಇನ್ನು ಅವರ ಜೊತೆ ಎಲ್ಲೂ ಹೋಗ್ಬೇಡ."

ಆ ವಾರವೇ ಆಂಟಿ ಬಂದು ಅವರೆದುರು ಕೂತರು. "ನನ್ನ ಮೊಣಕಾಲು ಸವದಾವ್ರಿ. ಈ ಬ್ಯಾಸಿಗಿ ಬಿಟ್ರ ನನ್ನ ನಡಿಗಿ ಮುಗೀತು. ಒಂದ್ ವಾರ ಈಕೀನ್ನ ನನ್ನ ಜೋಡಿ ಇಂಗ್ಲೆಂಡಿಗೆ ಕಳಸ್ರಿ."

ಗಂಡ ಬಾಯಿ ತೆರೆಯುವ ಮೊದಲೇ ನಾನೆಂದೆ: "ನಾನು ಹೋಗೇ ಹೋಗ್ತೀನಿ."

ಹೋದೆವು. ಗೋಧಿ ಹೊಲ, ಕುರಿ, ಕಲ್ಲಿನ ಗೋಡೆ, ಮತ್ತೆ ಕುರಿ. ಗೋಡೆ ದಾಟಲು ಅದರಲ್ಲೇ ಕಲ್ಲಿನ ಮೆಟ್ಟಿಲು ಚಾಚಿರುತ್ತವೆ. ಒಂದು ಮಧ್ಯಾಹ್ನ ಅಂಥದೊಂದರ ಮೇಲೆ ಆಂಟಿಯ ಕಾಲು ಏಳಲಿಲ್ಲ. ನನ್ನ ಭುಜ ಹಿಡಿದು ಮತ್ತೆ ನೋಡಿದರು. ಆಗಲಿಲ್ಲ. ಅಲ್ಲೇ ಕುಸಿದು ಕೂತರು.

"ವಾಪಸ್ ಹೋಗೋಣ ಆಂಟಿ."

"ಹುಚ್ಚಿ! ಮುಂದ ದಾರಿ ಐತಿ. ರಸ್ತೆ ಇಲ್ಲೇ ಐತಿ, ನಾ ಬಸ್ ಹಿಡದು ಮುಂದಿನ ಊರಿಗೆ ಬರ್ತೀನಿ. ನೀ ನಡಿ."

"ಒಬ್ಳೇನಾ? ಭಯ ಆಗತ್ತೆ."

"ಆಗ್ಲಿ. ಅಂಜ್ಕೋತನ ನಡಿ."

ಆಂಟಿಗೆ ಶಾಪ ಹಾಕುತ್ತಾ, ದಾರಿಗಡ್ಡ ನಿಂತ ದನಗಳನ್ನು ಕಂಡು ನಡುಗುತ್ತಾ, ಹೇಗೋ ಸಂಜೆಗೆ ಊರು ಮುಟ್ಟಿದೆ. ಆ ರಾತ್ರಿ ತಂಗಬೇಕಿದ್ದ ಮನೆಯ ಅಂಗಳದಲ್ಲಿ ಕಾದಿದ್ದ ಆಂಟಿ, ದಾರಿಯಲ್ಲಿ ಕಂಡ ಒಂದೊಂದು ಗೋಡೆ, ಒಂದೊಂದು ದನದ ವಿಷಯವನ್ನೂ ನನ್ನಿಂದ ಹೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಕಣ್ಣು ತುಂಬಿತು. ನನಗೆ ಮಾತ್ರ ಮರುದಿನ ಯಾವಾಗ ಬೆಳಗಾದೀತೋ ಎಂಬ ಚಡಪಡಿಕೆ.

ಆಮೇಲೆ ವರ್ಷಕ್ಕೊಮ್ಮೆ ನಾನೊಬ್ಬಳೇ ಎಲ್ಲಾದರೂ ನಡೆಯಲು ಹೋಗತೊಡಗಿದೆ. ಕೆಲವು ವರ್ಷಗಳ ಮೇಲೆ ಆಂಟಿ ಹಾಸಿಗೆ ಹಿಡಿದರು. "ಈ ವರ್ಷ ಎಲ್ಲಿಗೆ ಹೊಂಟಿ?" ಎಂದು ಕೇಳಿದರು. ಎಲ್ಲಿಗೂ ಇಲ್ಲ, ನಿಮ್ಮ ಹತ್ತಿರವೇ ಇರುತ್ತೇನೆ ಎಂದೆ. ರೇಗಿಬಿಟ್ಟರು. "ನಾ ಮಲಕ್ಕೊಂಡೇನಿ ಅಂತ ನೀನೂ ಮಲಕ್ಕೋತೀ ಏನ? ಹೋಗು."

ಕೆರೊಲಿನಾದ ಬೆಟ್ಟಗಳಿಗೆ ಹೋದೆ. ಆಂಟಿ ಹೋದ ಸುದ್ದಿ ತಿಳಿದದ್ದು ಇಳಿದು ಬಂದು ಗಂಡನಿಗೆ ಫೋನ್ ಮಾಡಿದಾಗ. ಕೊನೆಗಾಲದಲ್ಲಿ ಬಿಟ್ಟು ಹೋದಳಲ್ಲ ಎಂದು ನಮ್ಮ ಕನ್ನಡದವರು ಆಡಿಕೊಂಡರು. ಆಡಿಕೊಳ್ಳಲಿ. ನಾನು ಪಕ್ಕದಲ್ಲಿ ಕೂತಿದ್ದರೆ ಆಂಟಿ ನನ್ನ ಮೇಲಿನ ಸಿಟ್ಟಿನಲ್ಲೇ ಹೋಗುತ್ತಿದ್ದರು.