ದಾಸೋಹಕ್ಕೆ ಹೋಗದ ದೊಣ್ಣೆಮೆಣಸಿನಕಾಯಿ

ಆ ಕಾಯಿಯನ್ನು ತಿಂದವಳು ನಾನು. ನಿಮ್ಮ ಕೋಳಿಯಲ್ಲ, ಹನುಮಕ್ಕ.

ಪೂಜೆಗೆ ಕೂತಾಗಲೆಲ್ಲ ಇದನ್ನು ಶಿವನಿಗೆ ಹೇಳಿದ್ದೇನೆ. ಹೇಳಬೇಕಾದದ್ದು ಹಿತ್ತಲ ಗೋಡೆಯಾಚೆ ಇರುವ ನಿಮಗೆ — ಅಷ್ಟು ದೂರ ಬರಲು ಇಷ್ಟು ವರ್ಷ ಬೇಕಾಯಿತು.

ಮಾರ್ಗಶಿರ ಬಂತೆಂದರೆ ನಮ್ಮ ಚಿಕ್ಕಜಾಜೂರಿನಲ್ಲಿ ಗಾಳಿ ಹೇಗೆ ಕೊರೆಯುತ್ತದೆ, ನಿಮಗೇ ಗೊತ್ತು. ಆ ವರ್ಷದ ಚಳಿಗೆ ದೊಣ್ಣೆಮೆಣಸಿನ ಗಿಡದ ಹೂವೆಲ್ಲ ಉದುರುತ್ತಿತ್ತು. ಕುಂಡಗಳನ್ನು ಬಚ್ಚಲೊಲೆಯ ಹಿಂದಿನ ಗೋಡೆಗೆ ಒತ್ತಿಟ್ಟೆ. ಹಂಡೆ ಕಾದರೆ ಗೋಡೆಯೂ ಬೆಚ್ಚಗಾಗುತ್ತಿತ್ತು. ಸಂಜೆ ಹಳೇ ಸೀರೆ ಹೊದಿಸುತ್ತಿದ್ದೆ. ಕೊನೆಗೆ ಒಂದು ಕಾಯಿ ನಿಂತಿತು — ನಿಂತದ್ದೇ ಶಿವನ ದಯೆ. ಹಸಿರಿದ್ದಾಗ ಕೀಳಲಿಲ್ಲ. ಕೆಂಪಾದರೆ ಸಿಹಿ ಎಂದು ಕೇಳಿದ್ದೆ, ಕಾದೆ.

ನಮ್ಮ ಮನೆಯಲ್ಲಿ ಯಾವ ಗಿಡದ್ದೇ ಆಗಲಿ, ಮೊದಲ ಕಾಯಿ ಮಠದ ದಾಸೋಹಕ್ಕೆ. ಸೋಮವಾರ ಅತ್ತೆ ಅದನ್ನು ಒಯ್ಯುವವರಿದ್ದರು. ಅಷ್ಟು ದೊಡ್ಡ ಕೊಪ್ಪರಿಗೆಯ ಸಾರಿನಲ್ಲಿ ನನ್ನ ಒಂದು ಕಾಯಿ...

ಭಾನುವಾರ ಮಧ್ಯಾಹ್ನ ಎಲ್ಲರಿಗೂ ಬಡಿಸಿ ಹಿತ್ತಲಿಗೆ ಬಂದೆ. ಕಿತ್ತು, ಸೆರಗಿಗೆ ಒರೆಸಿ, ನಿಂತಲ್ಲೇ ತಿಂದೆ. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಯಾವುದನ್ನೂ ನಾನು ಮೊದಲು ತಿಂದವಳಲ್ಲ. ಎಂಥ ಸಿಹಿ, ಶಿವನೇ! ತಿಂದದ್ದು ಪಾಪವೆಂದು ಇವತ್ತಿಗೂ ಒಪ್ಪುವುದಿಲ್ಲ. ಯಾರು ಏನು ಬೇಕಾದರೂ ಅನ್ನಲಿ.

ಆದರೆ ತೊಟ್ಟು, ಬೀಜ ಗೋಡೆ ಪಕ್ಕಕ್ಕೆ ಎಸೆದೆ. ನಿಮ್ಮ ಕೋಳಿ ಬಂದು ಕುಕ್ಕುತ್ತಿತ್ತು, ಅತ್ತೆಯೂ ಬಂದರು —

"ಏನವ್ವ ಹನುಮಕ್ಕ, ಮಠಕ್ಕೆ ಇಟ್ಟಿದ್ ಕಾಯಿ ತಿಂದೈತೆ ನಿನ್ ಕೋಳಿ!"

"ಕೋಳಿಗೆ ಮಠ ಯಾವ್ದು, ಹಿತ್ಲು ಯಾವ್ದು ಗೊತ್ತಾಗ್ತೈತೇನ್ರಮ್ಮ?" ಎಂದು ನಕ್ಕಿರಿ. ಆಮೇಲೆ ಗೋಡೆಯ ಮೇಲಿಂದ ಬಗ್ಗಿ ನೋಡಿದಿರಿ. "ಅಲ್ರೀ, ತೊಟ್ಟು ಮುರ್ದು, ಬೀಜ ಬಿಡಿಸ್ಕಂಡು ತಿಂತಾವೇನ್ರಿ ಕೋಳಿ?"

ನನ್ನ ಮುಖ ನೋಡಿದಿರಿ. ನಾನು — ಬಾಯಿ ಒರೆಸಿಕೊಂಡು ಒಳಗೆ ಹೋದೆ.

ಅತ್ತೆ ಬೀದಿಯಲ್ಲೆಲ್ಲ ನಿಮ್ಮ ಕೋಳಿಯನ್ನೇ ದೂರಿದರು. ಆ ವಾರವೇ ಕೋಳಿಗಳನ್ನೆಲ್ಲ ಬಾಗೂರಿನ ತಂಗಿಯ ಮನೆಗೆ ಕಳಿಸಿಬಿಟ್ಟಿರಿ. ಗೋಡೆಯಾಚೆಯ ಮಾತೂ ಅವುಗಳ ಜೊತೆಗೇ ಹೋಯಿತು. ಅದು ನನ್ನ ತಪ್ಪು. ಅದಕ್ಕೆ ನೆಪ ಹೇಳುವುದಿಲ್ಲ.

ಈ ಚಳಿಯಲ್ಲಿ ಮತ್ತೆ ಒಂದು ಕಾಯಿ ಕೆಂಪಾಗಿದೆ. ಬೆಳಿಗ್ಗೆ ಅತ್ತೆಗೆ ಎಲ್ಲ ಹೇಳಿದೆ.

"ದೇವ್ರ ಪಾಲು ತಿಂದ್ಯೇನೇ!"

"ತಿಂದೆ ಅತ್ತೆ. ಈ ಸಲದ ಮೊದಲ ಕಾಯಿ ಹನುಮಕ್ಕಂಗೆ. ಮಠಕ್ಕೆ ಎರಡನೇದು."

ಅವರು ಇನ್ನೂ ಬೈಯುತ್ತಿದ್ದಾರೆ, ಬೈಯಲಿ. ನಾನು ನಿಮ್ಮ ಬಾಗಿಲಿಗೆ ಬರುತ್ತಿದ್ದೇನೆ. ನೀವು ತೆರೆದರೂ ಸರಿ, ತೆರೆಯದಿದ್ದರೂ ಸರಿ, ಆ ಕಾಯಿ ತಿಂದವಳು ನಾನೇ ಎಂದು ಬೀದಿಗೆ ಕೇಳುವಂತೆ ಹೇಳಿಯೇ ಹೋಗುತ್ತೇನೆ. ಕಾಯಿ ಕೈಯಲ್ಲಿದೆ. ತೊಟ್ಟು ಮುರಿದಿಲ್ಲ.