ಗುಂಡುವಿಗೆ ಬಂದ ಸಂಬಂಧ

ಮೊನ್ನೆ ಒಂದು ಸಂಜೆ ಚುಕ್ಕಿಯನ್ನು ಕರೆದುಕೊಂಡು ಜಯನಗರದ ನಮ್ಮ ಬೀದಿಯಲ್ಲಿ ಸುತ್ತಾಡಲು ಹೊರಟಿದ್ದೆ. ಚುಕ್ಕಿ ನಮ್ಮ ಮನೆಯ ನಾಯಿ. ಎಳನೀರಿನ ಗಾಡಿಯ ಬಳಿ ಹುಡುಗಿಯೊಬ್ಬಳು ನಿಂತಿದ್ದಳು. ಆಫೀಸಿನ ಐಡಿ ಕಾರ್ಡು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಸ್ಟ್ರಾವನ್ನು ಬಾಯಿಂದ ತೆಗೆದು, "ಮೇಡಂ, ಬೀಗಲ್ ಏನ್ರಿ ಇದು? ಭಾಳ ಚಂದ ಐತ್ರಿ" ಎಂದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸುಮ್ಮನೆ ನಕ್ಕು, ಬೆನ್ನು ನೆಟ್ಟಗೆ ಮಾಡಿಕೊಂಡು ಮುಂದೆ ನಡೆದೆ. ಚುಕ್ಕಿ ಹುಟ್ಟಿದ್ದು ನಮ್ಮ ಕ್ರಾಸಿನ ಟ್ರಾನ್ಸ್‌ಫಾರ್ಮರ್ ಅಡಿಯಲ್ಲಿ. ಅವಳ ತಾಯಿ ಈಗಲೂ ಪಕ್ಕದ ಬೇಕರಿಯ ಮುಂದೆ ಬನ್ನಿನ ಚೂರಿಗೆ ಕಾದು ಕೂತಿರುತ್ತಾಳೆ. ಆದರೂ ಆ 'ಬೀಗಲ್' ಎಂಬ ವಿದೇಶಿ ತಳಿಯ ಹೆಸರನ್ನು ಮನೆ ಮುಟ್ಟುವ ತನಕ ಪೆಪ್ಪರಮಿಂಟಿನ ಹಾಗೆ ಚೀಪುತ್ತಾ ಬಂದೆ. ಗೇಟಿನ ಚಿಲಕ ಹಾಕುವಾಗ ಹೊಳೆಯಿತು, ನಾನು ನಕ್ಕಿದ್ದು ಥೇಟ್ ಅಪ್ಪನ ನಗು.

ನಾಯಿ ಸಾಕಿದವರಿಗೆ ಈ ಕಾಯಿಲೆಯನ್ನು ವಿವರಿಸಬೇಕಾಗಿಲ್ಲ. ಸಾಕದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ನಮ್ಮ ನಾಯಿಯ ಜಾತಿಯನ್ನು ದಾರಿಹೋಕರು ತಪ್ಪಾಗಿ ಹೇಳಿದರೆ ನಮಗೆ ಅದಕ್ಕಿಂತ ದೊಡ್ಡ ಸುಖವಿಲ್ಲ. ತಪ್ಪು ಮಾತ್ರ ಮೇಲ್ಮುಖವಾಗಿರಬೇಕು. ಬೀದಿ ನಾಯಿಯನ್ನು ಅಲ್ಸೇಷಿಯನ್ ಎಂದವರು ನಾಯಿಗಳ ವಿಚಾರ ಬಲ್ಲವರು, ಲೋಕ ಕಂಡವರು. ಅದೇ ನಾಯಿಯನ್ನು ಬೀದಿ ನಾಯಿ ಎಂದು ಸರಿಯಾಗಿ ಹೇಳಿದವರಿಗೆ ಕಣ್ಣೂ ಇಲ್ಲ, ಸಂಸ್ಕಾರವೂ ಇಲ್ಲ. ಈ ನ್ಯಾಯ ನನಗೆ ತವರುಮನೆಯಿಂದ ಬಂದದ್ದು.

ಆ ತವರುಮನೆ ಇದ್ದದ್ದು ಬನಶಂಕರಿ ಎರಡನೇ ಹಂತದಲ್ಲಿ. ತೊಂಬತ್ತರ ದಶಕದ ಮಾತು. ಅಪ್ಪ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದರು. ನಾವು ಮೂವರು ಹೆಣ್ಣುಮಕ್ಕಳು, ನಾನೇ ಕೊನೆಯವಳು. ಆಗ ನಮ್ಮ ಕಡೆ ನಾಲ್ಕು ಮನೆ ದಾಟಿದರೆ ಒಂದು ಬಿಳಿ ಪಾಮೇರಿಯನ್ ಗೇಟಿನ ಸಂದಿಯಿಂದ ಮೂತಿ ಹಾಕಿ ಬೊಗಳುತ್ತಿತ್ತು. ಒಂದು ಭಾನುವಾರ ರಾಗಿ ಬೀಸಿಸಿಕೊಂಡು ಬರಲು ಹೋದ ಅಪ್ಪ, ಬಿಸಿ ಹಿಟ್ಟಿನ ಡಬ್ಬದ ಜೊತೆಗೆ ಚೀಲದಲ್ಲೊಂದು ಮರಿಯನ್ನೂ ತಂದರು. ಹಾಲಿನಂಥ ಬಿಳುಪು, ದುಂಡು ದುಂಡು.

"ಪಾಮೇರಿಯನ್ ಕಣೇ! ಗಿರಣಿಯವನು ಸುಮ್ನೆ ಕೊಟ್ಟ" ಎಂದರು ಅಮ್ಮನಿಗೆ.

ಅಮ್ಮ ಮರಿಯನ್ನು ಬಚ್ಚಲಿಗೆ ಒಯ್ದು ಎರಡು ಚೊಂಬು ಬಿಸಿನೀರು ಹುಯ್ದಳು. ಪಾಮೇರಿಯನ್ ಕರಗಿ ಬಚ್ಚಲ ತೂಬಿನಲ್ಲಿ ಹರಿದುಹೋಯಿತು. ಉಳಿದದ್ದು ಗಿರಣಿಯ ಮುಂದೆ ಸದಾ ಮಲಗಿರುತ್ತಿದ್ದ ಕಂದು ನಾಯಿಯ ಪಡಿಯಚ್ಚು. ಅದರ ಮೈಗೆ ಮೆತ್ತಿದ್ದದ್ದು ಯಾರದೋ ಮನೆಯ ಅಕ್ಕಿಹಿಟ್ಟು. ಅಮ್ಮ ಮರಿಯನ್ನು ಎತ್ತಿ ಹಿಡಿದು ನೋಡಿದಳು.

"ಇದೂ ಹೆಣ್ಣೇನಾ?"

"ಅದಕ್ಕೇ ಉಳ್ಕೊಂಡಿತ್ತು" ಎಂದರು ಅಪ್ಪ, ತಂತಿಯ ಮೇಲಿದ್ದ ತಮ್ಮ ಟವೆಲನ್ನೇ ಎಳೆದು ಮರಿಯ ಮೈ ಒರೆಸುತ್ತಾ. "ಗಂಡು ಮರೀನೆಲ್ಲಾ ಜನ ತಗೊಂಡು ಹೋದ್ರಂತೆ."

ದುಂಡಗಿದ್ದುದರಿಂದ ಗುಂಡು ಎಂದು ಕರೆದೆವು. ಗುಂಡು ಬೆಳೆದಳು. ರಾಗಿಮುದ್ದೆಗೆ ಮಜ್ಜಿಗೆ ಕಲಸಿ ಹಾಕಿದ್ದನ್ನು ತಿಂದೇ ಅಗಲ ಎದೆ, ಜೇನುಬಣ್ಣದ ದಟ್ಟ ಕೂದಲು, ಕತ್ತಿನ ಸುತ್ತ ಸಿಂಹಕ್ಕಿರುವಂಥ ಕೇಸರ, ಎಲ್ಲ ಬಂತು. ಗಿರಣಿಯ ನಾಯಿಗೆ ಇದೊಂದೂ ಇರಲಿಲ್ಲ. ತಂದೆಯ ಕಡೆಯಿಂದ ಬಂದಿರಬೇಕು, ಆ ತಂದೆ ಯಾರೆಂದು ಯಾರಿಗೂ ತಿಳಿಯದು. ಸಾಲದ್ದಕ್ಕೆ, ಬೀದಿಯ ಗಂಡುನಾಯಿಗಳನ್ನು ನೋಡಿ ಕಲಿತಳೋ ಏನೋ, ದೀಪದ ಕಂಬ ಕಂಡರೆ ಅವುಗಳ ಹಾಗೆಯೇ ಕಾಲೆತ್ತಿ ನಿಲ್ಲುತ್ತಿದ್ದಳು. ಹೆಣ್ಣುನಾಯಿಗಳಲ್ಲಿ ಕೆಲವಕ್ಕೆ ಈ ಅಭ್ಯಾಸ ಇರುತ್ತದಂತೆ. ನೋಡಿದವರೆಲ್ಲ ಇವಳು ಗಂಡೆಂದೇ ತೀರ್ಮಾನಿಸಿಬಿಟ್ಟರು.

ಅಪ್ಪ ಮಾತಿನ ಮನುಷ್ಯರಲ್ಲ. ಮದುವೆಮನೆಗಳಲ್ಲಿ ಊಟದ ಎಲೆ ಹಾಕುವ ತನಕ ಕಂಬದ ಪಕ್ಕ ನಿಂತು ಕಾಯುವ ಜಾಯಮಾನ. ಅಂಥವರನ್ನು ಗುಂಡು ಬಂದ ಮೇಲೆ ಬೀದಿಯೇ ತಡೆದು ನಿಲ್ಲಿಸಿ ಮಾತಾಡಿಸತೊಡಗಿತು. "ಯಾವ ಜಾತಿ ಸಾರ್ ಇದು?" ಎಂದು ಯಾರಾದರೂ ಕೇಳಿದರೆ ಅಪ್ಪ ಕಣ್ಣಲ್ಲೇ ನಕ್ಕು, "ನೀವೇ ಹೇಳಿ ನೋಡೋಣ" ಎನ್ನುತ್ತಿದ್ದರು. ಒಬ್ಬರು ಅಲ್ಸೇಷಿಯನ್ ಕ್ರಾಸ್ ಎಂದರು. ಮಿಲಿಟರಿಯಿಂದ ನಿವೃತ್ತರಾಗಿದ್ದ ಒಬ್ಬರು ಇದು ಟಿಬೆಟ್ಟಿನದೇ ಎಂದು ಕಡ್ಡಿ ಮುರಿದಂತೆ ಹೇಳಿದರು. ಸೊಪ್ಪಿನ ಗಾಡಿಯವನು, "ಫಾರಿನ್ ಮಾಲು ಅಣ್ಣ, ಕಣ್ಣು ನೋಡಿದ್ರೇ ಗೊತ್ತಾಗ್ತದೆ" ಎಂದ. ಅಪ್ಪ ಯಾರ ಮಾತನ್ನೂ ಒಪ್ಪುತ್ತಿರಲಿಲ್ಲ, ಅಲ್ಲಗಳೆಯುತ್ತಲೂ ಇರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ವರದಿ ಒಪ್ಪಿಸುತ್ತಿದ್ದರು.

"ಇವತ್ತು ಟಿಬೆಟ್ ಅಂದ್ರು ಕಣೇ."

"ಟಿಬೆಟ್ ಅಂತೆ! ಗಿರಣಿ ಹತ್ರ ಕರ್ಕೊಂಡು ಹೋಗಿ ಇವಳ ತಾಯೀನ ತೋರಿಸಿ ಬನ್ನಿ" ಎನ್ನುತ್ತಿದ್ದಳು ಅಮ್ಮ. ಇದೇ ಅಮ್ಮ, ಹಾಲಿನವನು ಒಮ್ಮೆ "ಈ ಕಂಟ್ರಿ ನಾಯೀನ ಕಟ್ಟಾಕಮ್ಮ" ಎಂದನೆಂದು ಅವನ ಹಾಲನ್ನೇ ಬಿಡಿಸಿ ಬೇರೆಯವನನ್ನು ಗೊತ್ತುಮಾಡಿದಳು.

ಆ ದಿನಗಳಲ್ಲಿ ನಮ್ಮ ದೊಡ್ಡಕ್ಕ ಸುಧಾಗೆ ಗಂಡು ಹುಡುಕುತ್ತಿದ್ದರು. ಭಾನುವಾರ ಬಂತೆಂದರೆ ಯಾರಾದರೂ ನೋಡಲು ಬರುತ್ತಿದ್ದರು. ಉಪ್ಪಿಟ್ಟು, ಕೇಸರಿಬಾತು, ಅಕ್ಕನ ಅದೇ ನೇರಳೆ ಸೀರೆ. ಗುಂಡುವನ್ನು ಹಿತ್ತಲಲ್ಲಿ ಒಗೆಯುವ ಕಲ್ಲಿಗೆ ಕಟ್ಟಿಹಾಕುತ್ತಿದ್ದರು. ಕುರ್ಚಿಗಳಿಗೆ ಒರಗು ಇದೆ ಎಂಬುದೇ ಆ ಭಾನುವಾರಗಳಂದು ಅಪ್ಪನಿಗೆ ಮರೆತುಹೋಗುತ್ತಿತ್ತು. ತುದಿಯಲ್ಲಿ ಕೂತು, "ಹುಡುಗಿಗೆ ಕನ್ನಡಕ ಇದೆ, ಮೊದಲೇ ಹೇಳ್ಬಿಡ್ತೀನಿ. ಗುಣದಲ್ಲಿ ಅಪ್ಪಟ ಚಿನ್ನ. ತಾವು ದೊಡ್ಡ ಮನಸ್ಸು ಮಾಡ್ಬೇಕು" ಎನ್ನುತ್ತಿದ್ದರು. ಬಂದವರಲ್ಲಿ ಯಾರಾದರೊಬ್ಬರು ನಮ್ಮ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ, "ಮೂರೂ ಹೆಣ್ಣೇನಾ?" ಎಂದು ಕೇಳಿಯೇ ಕೇಳುತ್ತಿದ್ದರು. "ಹೂಂ, ಮೂರೂ ಹೆಣ್ಣೇ" ಎನ್ನುವಾಗ ಅಪ್ಪನ ದನಿ, ಮಳೆ ಬಂದರೆ ಮನೆ ಸೋರುತ್ತದೆ ಎಂದು ಒಪ್ಪಿಕೊಳ್ಳುವವರ ದನಿಯಾಗುತ್ತಿತ್ತು. ಪರದೆಯ ಪಕ್ಕ ನಿಂತು ಅದನ್ನು ಕೇಳಿದಾಗೆಲ್ಲ ನನಗೆ ಅಳು ಬರುತ್ತಿತ್ತು, ಅಪ್ಪನ ಮೇಲೆ ಸಿಟ್ಟೂ ಬರುತ್ತಿತ್ತು. ಬಂದವರು ಕಾಫಿ ಮುಗಿಸಿ, "ಮನೇಲಿ ಕೇಳಿ ತಿಳಿಸ್ತೀವಿ" ಎಂದು ಏಳುತ್ತಿದ್ದರು. ತಿಳಿಸುತ್ತಿರಲಿಲ್ಲ.

ಹಾಗೆ ತಿಳಿಸದೆ ಉಳಿದ ಒಂದು ಸಂಬಂಧಕ್ಕಾಗಿ ಮನೆಯವರೆಲ್ಲ ಮಂಕಾಗಿದ್ದ ವಾರ, ಸಂಜೆಯ ವಾಕಿಂಗಿನಲ್ಲಿ ಅಪ್ಪನನ್ನು ಕೃಷ್ಣಪ್ಪನವರು ನಿಲ್ಲಿಸಿದರು. ಅವರು ಉತ್ತರಹಳ್ಳಿಯ ಕಡೆಯವರು. ರಾಗಿ ಹೊಲ ಸೈಟುಗಳಾದ ಮೇಲೆ ನಮ್ಮಿಂದ ಎರಡು ರಸ್ತೆ ಆಚೆ ಮಹಡಿ ಮನೆ ಕಟ್ಟಿಸಿ, ಕೆಳಗಡೆಯನ್ನು ಬಾಡಿಗೆಗೆ ಕೊಟ್ಟಿದ್ದರು.

"ಏನ್ ಸಾರ್ ಗಂಡು! ಸಖತ್ತಾಗವ್ನೆ! ಗೋಲ್ಡನ್ ರಿಟ್ರೀವರ್ ತಾನೆ? ನಮ್ಮನೇಲೂ ಒಂದು ಹೆಣ್ಣದೆ ಸಾರ್, ಪಿಂಕಿ ಅಂತ, ಅಳಿಯ ತಂದ್ಕೊಟ್ಟಿದ್ದು. ಬೆಂಗಳೂರೆಲ್ಲಾ ಹುಡುಕಿದ್ರೂ ಅದಕ್ಕೊಂದು ಜೋಡಿ ಸಿಗ್ತಿಲ್ಲ. ಭಾನ್ವಾರ ಕರ್ಕೊಂಡು ಬರ್ತೀವಿ, ನೋಡಿ. ತಾವು ದೊಡ್ಡ ಮನಸ್ಸು ಮಾಡ್ಬೇಕು."

ಜೀವಮಾನದಲ್ಲಿ ಅಪ್ಪನಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಅದು ಅವರೇ ಇನ್ನೊಬ್ಬರಿಗೆ ಹೇಳುವ ಮಾತಾಗಿತ್ತು. ಅಲ್ಲಿಯೇ 'ಇದು ಹೆಣ್ಣು' ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಪ್ಪ ಹೇಳಿದ್ದೇನು ಗೊತ್ತೇ? "ಮನೇಲಿ ಕೇಳಿ ತಿಳಿಸ್ತೀನಿ."

ಮನೆಗೆ ಬಂದವರೇ, "ಭಾನುವಾರ ನೋಡೋಕೆ ಬರ್ತಾರಂತೆ" ಎಂದರು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು.

"ಸುಧಾನಾ?"

"ಅಲ್ಲ. ಗುಂಡೂನ."

ಎಲ್ಲವನ್ನೂ ಕೇಳಿ ಅಮ್ಮ ಹಣೆ ಚಚ್ಚಿಕೊಂಡಳು. "ಬಂದು ಒಂದು ಸಲ ಬಗ್ಗಿ ನೋಡಿದ್ರೆ ಗೊತ್ತಾಗಲ್ವಾ? ಬೀದಿಯವರೆಲ್ಲಾ ಆಡ್ಕೊಂಡು ನಗ್ತಾರೆ. ಸುಳ್ಳು ಹೇಳಿ ಜನಾನ ಕರೆಸ್ಬಾರ್ದು."

"ನಾನೆಲ್ಲಿ ಸುಳ್ಳು ಹೇಳ್ದೆ?"

"ನಿಜ ಹೇಳಿದ್ರಾ?"

ಅಪ್ಪ ಗುಂಡುವಿನ ಕೇಸರದಲ್ಲಿ ಬೆರಳಾಡಿಸುತ್ತಾ, "ಬರ್ಲಿ ಬಿಡೇ. ಒಂದೇ ಒಂದು ಸಲ ಬರ್ಲಿ" ಎಂದರು. ಅಮ್ಮ ಶನಿವಾರ ರವೆ ಹುರಿದಿಟ್ಟಳು.

ಆ ವಾರವೆಲ್ಲ ಅಪ್ಪ ಕುರ್ಚಿಯಲ್ಲಿ ಒರಗಿ, ಕಾಲ ಮೇಲೆ ಕಾಲು ಹಾಕಿ ಕೂತು ಪೇಪರ್ ಓದಿದರು. ಗಂಡಿನ ಕಡೆಯವರ ಠೀವಿ! ನೋಡಿ ನೋಡಿ ಸುಧಕ್ಕ ನಕ್ಕಳು, ತುಂಬಾ ದಿನಗಳ ಮೇಲೆ. ಭಾನುವಾರ ಬೆಳಿಗ್ಗೆ ಗುಂಡುವಿನ ಕೂದಲು ಬಾಚುತ್ತಾ, "ನಿನ್ನ ನೋಡೋಕೂ ಬರ್ತಾರೆ ಕಣೇ. ತಲೆ ಮಾತ್ರ ತಗ್ಗಿಸ್ಬೇಡ" ಎಂದಳು. ನನಗೋ ನಿಜ ಬಯಲಾದಾಗ ಅಪ್ಪನ ಮುಖ ಹೇಗಾಗಬಹುದು ಎಂಬ ಒಂದೇ ಯೋಚನೆ.

ಮಾರುತಿ ವ್ಯಾನಿನಲ್ಲಿ ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆಯ ಕೃಷ್ಣಪ್ಪನವರು, ಸೇಬಿನ ಚೀಲ ಹಿಡಿದ ಅವರ ಹೆಂಡತಿ ಜಯಮ್ಮ, ಕೊರಳಿಗೆ ರಿಬ್ಬನ್ ಕಟ್ಟಿಸಿಕೊಂಡ ಪಿಂಕಿ. ಅಪ್ಪ ಒರಗಿಯೇ ಇದ್ದರು. ಕೃಷ್ಣಪ್ಪನವರು ಮಾತ್ರ, ಅಷ್ಟು ದೊಡ್ಡ ಆಳು, ಕುರ್ಚಿಯ ತುದಿಯಲ್ಲಿ ಕೂತರು.

"ನಮ್ ಪಿಂಕಿಗೆ ಎಡಗಿವಿ ಚೂರು ಸಣ್ಣದು ಸಾರ್, ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ ಗುಣದಲ್ಲಿ ಚಿನ್ನ" ಎಂದರು.

ಅಪ್ಪನ ಕಾಲ ಮೇಲಿದ್ದ ಕಾಲು ಮೆಲ್ಲಗೆ ಕೆಳಗಿಳಿಯಿತು, ಬೆನ್ನು ಒರಗು ಬಿಟ್ಟು ಮುಂದೆ ಬಂತು. ಎದುರು ಕೂತವರ ಮುಖವನ್ನೇ ನೋಡಿದರು. ಅಷ್ಟರಲ್ಲಿ ಸುಧಕ್ಕ ಉಪ್ಪಿಟ್ಟಿನ ತಟ್ಟೆ ತಂದಳು, ಹಿಂದೆಯೇ ನೀರು ಹಿಡಿದುಕೊಂಡು ನಾವಿಬ್ಬರು. ಜಯಮ್ಮ ನಮ್ಮ ಮೇಲೆ ಕಣ್ಣಾಡಿಸಿ, "ಮೂರೂ ಹೆಣ್ಣುಮಕ್ಕಳೇನಾ ಸಾರ್?" ಎಂದರು.

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಅಪ್ಪ ಉತ್ತರ ಕೊಡುವ ಮೊದಲೇ ಜಯಮ್ಮ, ಪಾಪ, ಸಮಾಧಾನ ಹೇಳಬೇಕೆಂದೇ, ಗುಂಡುವಿನ ಕಡೆ ಕೈ ತೋರಿಸಿ, "ಹೋಗ್ಲಿ ಬಿಡಿ, ಇವ್ನೊಬ್ಬನಾದ್ರೂ ಗಂಡು ಅವ್ನಲ್ಲ ಮನೇಲಿ" ಎಂದರು.

ಅಪ್ಪ ಗುಂಡುವನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ನಮ್ಮನ್ನು ನೋಡಿದರು. ನಿಧಾನವಾಗಿ ಬೆನ್ನನ್ನು ಒರಗಿಗೆ ಆನಿಸಿದರು.

"ಇಲ್ಲಮ್ಮ" ಎಂದರು. "ನಾಲ್ಕೂ ಹೆಣ್ಣೇ."

ಅದು ಮನೆ ಸೋರುವ ದನಿಯಾಗಿರಲಿಲ್ಲ. ನಾಲ್ಕೂ ರ‍್ಯಾಂಕ್ ಬಂದ ಮಕ್ಕಳು ಎಂದು ಹೇಳಿದ ಹಾಗಿತ್ತು.

"ಗಂಡು ಅಂತ ನೀವಂದ್ರಿ, ನಾನು ಸುಮ್ಮನಿದ್ಬಿಟ್ಟೆ, ತಪ್ಪು ನಂದೇ ಕೃಷ್ಣಪ್ಪನೋರೆ. ಗೋಲ್ಡನ್ನೂ ಅಲ್ಲ. ಹಿಟ್ಟಿನ ಗಿರಣಿ ಹಿಂದೆ ಹುಟ್ಟಿದೋಳು. ಗಂಡು ಮರೀನೆಲ್ಲಾ ಆರಿಸ್ಕೊಂಡು ಹೋದ್ಮೇಲೆ ಇವಳು ನಮಗೆ ಸಿಕ್ಕಿದ್ಲು. ಒಳ್ಳೇದೇ ಆಯ್ತು."

ಕೃಷ್ಣಪ್ಪನವರು ಬಗ್ಗಿ ನೋಡಿದರು. ಎದ್ದು ಕೂತರು. ಆಮೇಲೆ ಅವರ ಹೊಟ್ಟೆ ಕುಣಿಯತೊಡಗಿತು. "ಅಯ್ಯೋ ಸಿವನೇ! ಹುಟ್ಟಿದಾಗಿಂದ ದನ, ಕುರಿ, ನಾಯಿ ಜೊತೆಗೇ ಬೆಳ್ದೋನು ನಾನು, ನಂಗೇ ಗೊತ್ತಾಗ್ಲಿಲ್ವಲ್ಲ!" ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಜಯಮ್ಮ ನಾಲಿಗೆ ಕಚ್ಚಿಕೊಂಡು ಸುಧಕ್ಕನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡರು. ಹೊರಗೆ ಪಿಂಕಿಯ ರಿಬ್ಬನ್ನನ್ನು ಗುಂಡು ಕಿತ್ತು ಅಗಿಯುತ್ತಿದ್ದಳು. ಏಳುವಾಗ ಕೃಷ್ಣಪ್ಪನವರು, "ಮನೇಲಿ ಕೇಳಿ ತಿಳಿಸ್ತೀವಿ ಅನ್ನೋ ಹಂಗೂ ಇಲ್ಲ ಸಾರ್, ಮನೆಯವ್ರೆಲ್ಲಾ ಇಲ್ಲೇ ಅವ್ರೆ" ಎಂದರು.

ಆ ಸಂಬಂಧ ಕೂಡಲಿಲ್ಲ, ಸ್ನೇಹ ಕೂಡಿತು. ಅವತ್ತಿನಿಂದ ಇಬ್ಬರೂ ಜೊತೆಯಲ್ಲೇ ವಾಕಿಂಗ್ ಹೋದರು. ಯಾರಾದರೂ ಗುಂಡುವಿನ ಜಾತಿ ಕೇಳಿದರೆ ಅಪ್ಪನಿಗಿಂತ ಮೊದಲೇ ಕೃಷ್ಣಪ್ಪನವರು, "ಮಿಲ್ ಟೆರಿಯರ್ ಸಾರ್. ಬೆಂಗಳೂರಲ್ಲಿ ಇದೊಂದೇ ಇರೋದು" ಎಂದು ಗಂಭೀರವಾಗಿ ಹೇಳುತ್ತಿದ್ದರು. ಕೇಳಿದವರು ತಲೆದೂಗುತ್ತಿದ್ದರು.

ಸುಧಕ್ಕನನ್ನು ನೋಡಲು ಮತ್ತೆ ಜನ ಬಂದರು. ಗುಂಡುವನ್ನು ಅಪ್ಪ ಹಿತ್ತಲಿಗೆ ಕಟ್ಟಲಿಲ್ಲ. "ಮೂರೂ ಹೆಣ್ಣೇನಾ?" ಎಂದವರಿಗೆ, "ನಾಲ್ಕು. ಅಲ್ಲಿ ಬಾಗಿಲ ಹತ್ರ ಮಲಗಿದಾಳಲ್ಲ, ಅವಳೂ ಸೇರಿ" ಎಂದು ಒರಗಿ ಕೂತೇ ಹೇಳಿದರು. ಒಂದಿಬ್ಬರು ಮುಖ ಸಿಂಡರಿಸಿದರು. ಹನುಮಂತನಗರದಿಂದ ಬಂದಿದ್ದ ಒಬ್ಬ ಹುಡುಗ ಮಾತ್ರ ಗುಂಡು ಎದ್ದದ್ದನ್ನು ಕಂಡು ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡು, ಹಿರಿಯರನ್ನೆಲ್ಲ ಬಿಟ್ಟು ನೇರವಾಗಿ ಸುಧಕ್ಕನನ್ನೇ ಕೇಳಿದ: "ಕಚ್ಚುತ್ತಾ?" ಸುಧಕ್ಕ ತಲೆಯೆತ್ತಿ, "ಉಪ್ಪಿಟ್ಟು ಕೊಟ್ರೆ ಕಚ್ಚಲ್ಲ" ಎಂದಳು. ಅವನು ತನ್ನ ತಟ್ಟೆಯನ್ನೇ ಕೆಳಗಿಟ್ಟ. ಅವನೇ ನಮ್ಮ ಭಾವ. ನಾಯಿ ಕಂಡರೆ ಇವತ್ತಿಗೂ ಕಾಲು ಮೇಲೆತ್ತುತ್ತಾರೆ.

ಗುಂಡು ತುಂಬಾ ಕಾಲ ಬದುಕಿ, ನನ್ನ ಮದುವೆಯನ್ನೂ ನೋಡಿ, ಅಪ್ಪ ನಿವೃತ್ತರಾದ ಮೇಲೆ ಅವರ ಕುರ್ಚಿಯ ಕೆಳಗೇ ಕಣ್ಣು ಮುಚ್ಚಿದಳು. ಅಮ್ಮನೂ ಹೋದ ಮೇಲೆ ಅಪ್ಪ ನನ್ನ ಜೊತೆಯಲ್ಲಿದ್ದಾರೆ. ಮಂಡಿನೋವು, ವಾಕಿಂಗ್ ಆಗುವುದಿಲ್ಲ. ಚುಕ್ಕಿಯನ್ನು ಟ್ರಾನ್ಸ್‌ಫಾರ್ಮರ್ ಅಡಿಯಿಂದ ತಂದಾಗ ಟವೆಲ್ ಹಿಡಿದು ಕಾದಿದ್ದವರು ಅವರೇ.

ನಿನ್ನೆ ಸಂಜೆ ಅದೇ ಹುಡುಗಿ ಮತ್ತೆ ಸಿಕ್ಕಳು. "ಮೇಡಂ, ಅವತ್ತ ಹೇಳ್ಲೇ ಇಲ್ಲಲ್ರಿ. ಬೀಗಲ್ ಹೌದಿಲ್ರಿ? ಗಂಡೇನ್ರಿ?"

'ಬೀಗಲ್' ಎಂಬ ಪೆಪ್ಪರಮಿಂಟು ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ನಿಂತೆ.

"ಬೀಗಲ್ ಅಲ್ಲಮ್ಮ, ಇದೇ ಬೀದೀಲಿ ಹುಟ್ಟಿದ್ದು. ಹೆಣ್ಣು" ಎಂದೆ. "ನಮ್ಮಪ್ಪನಿಗೆ ಐದನೆಯವಳು."

ಅವಳಿಗೆ ಏನು ಅರ್ಥವಾಯಿತೋ, ನಕ್ಕು, ಮೊಣಕಾಲೂರಿ ಕೂತು ಚುಕ್ಕಿಯ ಗಲ್ಲ ತುರಿಸಿದಳು.

ಮನೆಗೆ ಬಂದಾಗ ಅಪ್ಪ ವರಾಂಡದ ಕುರ್ಚಿಯಲ್ಲಿದ್ದರು. ದಿನಾ ಕೇಳುವ ಹಾಗೆ, "ಇವತ್ತೇನಂದ್ರು?" ಎಂದರು.

"ಬೀಗಲ್ಲಾ ಅಂದ್ರು. ಗಂಡಾ ಅಂದ್ರು."

"ನೀನೇನಂದೆ?"

"ಐದೂ ಹೆಣ್ಣೇ ಅಂದೆ."

ಅಪ್ಪ ಬೆನ್ನನ್ನು ಒರಗಿಗೆ ಆನಿಸಿದರು. ಕಾಲ ಮೇಲೆ ಕಾಲು ಹಾಕಲು ನೋಡಿದರು. ಮಂಡಿ ಒಪ್ಪಲಿಲ್ಲ. ನಾನೇ ಬಗ್ಗಿ ಎತ್ತಿ ಇಟ್ಟೆ.