ಅನಂತಯ್ಯನವರ ರಾಜಹಕ್ಕಿ

ಸಹೋದ್ಯೋಗಿಗೆ ಬಡ್ತಿಯಾದಾಗ ಹುಟ್ಟುವ ಹೊಟ್ಟೆಕಿಚ್ಚನ್ನು ಲೋಕ ಅರ್ಥಮಾಡಿಕೊಳ್ಳುತ್ತದೆ. ಅವನೊಂದು ಹಕ್ಕಿಯನ್ನು ಕಂಡನೆಂದು ಅನ್ನ ಸೇರದೆ ಕುಳಿತವನನ್ನು ಹೆಂಡತಿ ಕೂಡ ಅರ್ಥಮಾಡಿಕೊಳ್ಳುವುದಿಲ್ಲ. ನಾನು ಈ ಎರಡನೆಯ ಜಾತಿಯ ದುರ್ಭಾಗ್ಯಶಾಲಿ.

ನಾಲೆಯ ನೀರು ಬಂದು ನಮ್ಮ ಸೀಮೆಯಲ್ಲಿ ಕಬ್ಬು ಹೊಸದಾಗಿ ತಲೆಯೆತ್ತುತ್ತಿದ್ದ ಕಾಲ. ಮಂಡ್ಯದ ಶಾಲೆಯಲ್ಲಿ ಮೇಷ್ಟರಾಗಿದ್ದ ನನಗೆ ಪಕ್ಷಿಪಂಡಿತನೆಂಬ ಖ್ಯಾತಿಯಿತ್ತು. ಅದನ್ನು ಹಬ್ಬಿಸಿದವನು ನಾನೇ ಎಂಬುದು ಬೇರೆ ಮಾತು. ಹೀಗಿರಲು ಒಂದು ಸೋಮವಾರ, ಕಾಗೆಗೂ ಕೋಗಿಲೆಗೂ ವ್ಯತ್ಯಾಸ ತಿಳಿಯದ ನಮ್ಮ ಡ್ರಾಯಿಂಗ್ ಮೇಷ್ಟರು ಅನಂತಯ್ಯನವರು ರಾಜಹಕ್ಕಿಯ ಚಿತ್ರವೊಂದನ್ನು ಬರೆದು ತಂದರು. ಕಪ್ಪು ಜುಟ್ಟು, ಹಾಲುಬಿಳುಪಿನ ಮೈ, ಎರಡು ರೇಷ್ಮೆಯ ಎಳೆಗಳಂತೆ ಇಳಿಬಿದ್ದ ಮೊಳದುದ್ದದ ಬಾಲ. ಮದ್ದೂರಿನಿಂದ ಕೊಪ್ಪಕ್ಕೆ ಹೋಗುವ ದಾರಿಯ ಹೊಂಗೆತೋಪಿನಲ್ಲಿ ಕಂಡೆನೆಂದರು. ಹೆಡ್‌ಮಾಸ್ತರರು ಅದನ್ನು ತಮ್ಮ ಕೊಠಡಿಯಲ್ಲಿ ತೂಗುಹಾಕಿಸಿದರು. ಹದಿನೈದು ವರ್ಷ ಆ ಹಕ್ಕಿಯ ಮೇಲೆ ಪಾಠ ಹೇಳಿದ್ದ ನಾನು ಅದರ ಒಂದು ಗರಿಯನ್ನೂ ಕಂಡಿರಲಿಲ್ಲ.

ಆ ತಿಂಗಳಲ್ಲೇ ಕೊಪ್ಪದಲ್ಲಿ ನನ್ನ ತಂಗಿಯ ಮಗುವಿಗೆ ನಾಮಕರಣ. ಸೋದರಮಾವ ಇರಲೇಬೇಕು, ಹನ್ನೊಂದಕ್ಕೆ ಮುಹೂರ್ತ. "ಅಣ್ಣ, ಈ ಸಲವಾದರೂ ಹೊತ್ತಿಗೆ ಸರಿಯಾಗಿ ಬಾ" ಎಂದು ತಂಗಿ ಕಾಗದದ ಕೊನೆಯಲ್ಲಿ ಬರೆದಿದ್ದಳು. ಅವಳ ಧಾರೆಯ ಹೊತ್ತಿನಲ್ಲಿ ನಾನು ಕೆರೆಯ ಏರಿಯ ಮೇಲೆ ಕೊಕ್ಕರೆ ನೋಡುತ್ತಿದ್ದುದನ್ನು ಅವಳು ಮರೆತಿರಲಿಲ್ಲ.

ಭಾನುವಾರ ಬೆಳಗಿನ ರೈಲಿನಲ್ಲಿ ಮದ್ದೂರಿಗೆ ಬಂದಿಳಿದೆ. ಭಾವನವರು ಕಳುಹಿಸಿದ್ದ ಗಾಡಿಯೊಡನೆ ಕೆಂಚೇಗೌಡ ಕಾದಿದ್ದ. ತೋಪಿನ ಪಕ್ಕದ ಹೊಲ ಅವನದೇ. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಹಕ್ಕಿಗೂ ತೊಟ್ಟಿಲಿಗೂ ವ್ಯಾಜ್ಯ. ತೋಪಿಗೆ ತಿರುಗಿದರೆ ಮುಹೂರ್ತ ತಪ್ಪುವುದು ಖಂಡಿತ. ತಿರುಗದಿದ್ದರೆ ಅನಂತಯ್ಯನವರ ಮುಂದೆ ಜೀವಮಾನವೆಲ್ಲ ತಲೆತಗ್ಗಿಸುವುದು ಅಷ್ಟೇ ಖಂಡಿತ. ಕವಲುದಾರಿಯಲ್ಲಿ ಗಾಡಿ ನಿಲ್ಲಿಸುವಂತೆ ಹೇಳಿ, ನಮ್ಮ ಡ್ರಾಯಿಂಗ್ ಮೇಷ್ಟರು ಹಕ್ಕಿ ಕಂಡದ್ದು ಯಾವ ಮರದಲ್ಲಿ ಎಂದು ವಿಚಾರಿಸಿದೆ.

ಕೆಂಚೇಗೌಡ ಹಗ್ಗ ಸಡಿಲಿಸಿ ಹಿಂದಿರುಗಿ ನೋಡಿದ.

"ಆ ಉದ್ದನೆ ಮೇಷ್ಟ್ರಾ? ಅವರೆಲ್ಲಿ ಕಂಡ್ರು ಬುದ್ಧಿ? ಮೂರು ಭಾನ್ವಾರ ಬಂದು ಬೈಗಾಗಗಂಟ ಕುಂತಿದ್ರು, ಅದು ಮುಖ ತೋರಿಸ್ನಿಲ್ಲ. ಎಂಗಿರ್ತದೆ ಅಂತ ನನ್ನೇ ಕೇಳುದ್ರು. ಏಳ್ದೆ. ಆಮೇಕೆ ಒಂದಿನ ಚಿತ್ರ ಬರ್ಕೊಂಡ್ ಬಂದು ತೋರುಸುದ್ರು."

ನನ್ನ ಎದೆ ಹಬ್ಬದ ಮನೆಯಾಯಿತು. ಚಿತ್ರ ಹೇಗಿತ್ತೆಂದು, ಇನ್ನೊಂದು ತಪ್ಪನ್ನೂ ಕೈವಶ ಮಾಡಿಕೊಳ್ಳುವ ಆಸೆಯಿಂದ ಕೇಳಿದೆ.

"ತೇಟ್ ಅದೇಯಾ ಬುದ್ಧಿ. ಜೀವ ಒಂದಿಲ್ಲ, ಅಷ್ಟೆಯಾ."

ಹಬ್ಬ ಅಲ್ಲಿಗೇ ಮುಗಿಯಿತು. ಕಂಡವನ ಮೇಲಿನ ಅಸೂಯೆಗೆ ಮದ್ದುಂಟು: ನಾವೂ ಹೋಗಿ ಕಂಡು ಬಂದರಾಯಿತು. ಕಾಣದೆಯೇ ಒಬ್ಬ ರೈತನ ನಾಲ್ಕು ಮಾತಿನಿಂದ ಹಕ್ಕಿಯನ್ನು ಹಾಗೆ ಬರೆದವನ ಮೇಲಿನ ಅಸೂಯೆಗೆ ಯಾವ ತೋಪಿನಲ್ಲಿ ಮದ್ದು ಹುಡುಕುವುದು? ನಾನು ಕಂಡಿದ್ದರೂ ಆ ಬಾಲದ ಒಂದು ಎಳೆಯನ್ನು ಎಳೆಯಲಾರದವನು. ನೇರವಾಗಿ ಊರಿಗೇ ಗಾಡಿ ಹೊಡೆಯಲು ಹೇಳಿದೆ.

ಹನ್ನೊಂದಕ್ಕೆ ಕಾಲುಗಂಟೆ ಮೊದಲೇ ಹೊಸ್ತಿಲಲ್ಲಿ ನಿಂತ ನನ್ನನ್ನು ಕಂಡು ತಂಗಿ ಒಳಗೆ ಕರೆದು ಕೂರಿಸಿದಳು. ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹಕ್ಕಿಗಳಿಗಾಗಿ ನಾನು ಏನೇನು ಕಳೆದುಕೊಂಡಿದ್ದೇನೆಂಬ ಲೆಕ್ಕವನ್ನು ಅವಳೊಬ್ಬಳೇ ಇಟ್ಟಿದ್ದಳೆಂದು ತೋರುತ್ತದೆ.

ಆದರೂ ಮರುದಿನ, ಅನಂತಯ್ಯನವರ ಗುಟ್ಟನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡೇ ಶಾಲೆಗೆ ಹೋದೆನೆಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ನಾನು ಕೊಪ್ಪಕ್ಕೆ ಹೋಗಿದ್ದ ಸುದ್ದಿ ಅವರಿಗೆ ಮುಟ್ಟಿತ್ತು. ಹೆಡ್‌ಮಾಸ್ತರರ ಕೊಠಡಿಯಲ್ಲಿ, ಆ ಚಿತ್ರದ ಕೆಳಗೆ, ಎಲ್ಲರ ಎದುರಿಗೆ ಅವರೇ ಕೇಳಿದರು: "ತೋಪಿಗೆ ಹೋಗಿದ್ದಿರಾ?" ಕೇಳಿದವರು, ಆಗಲೇ ಚೂಪಾಗಿದ್ದ ಪೆನ್ಸಿಲನ್ನು ಮತ್ತೆ ಹೆರೆಯತೊಡಗಿದರು.

ಚಿತ್ರವನ್ನು ನೋಡಿದೆ. ಗಾಳಿಯಿಲ್ಲದ ಕೊಠಡಿಯಲ್ಲಿ ಬಾಲ ಅಲುಗಿದಂತೆ ಕಂಡಿತು. ಹೊಟ್ಟೆಯೊಳಗಿನ ಕಿಚ್ಚು ಆರಿರಲಿಲ್ಲ.

"ಇಲ್ಲ, ಹೊತ್ತು ಸಿಗಲಿಲ್ಲ" ಎಂದೆ. "ಕೆಂಚೇಗೌಡ ಸಿಕ್ಕಿದ್ದ. ಚಿತ್ರ ಬಹಳ ಚೆನ್ನಾಗಿದೆ ಅಂದ." ಆಮೇಲೆ, ಹಲ್ಲು ಕೀಳಿಸಿಕೊಳ್ಳುವವನಂತೆ ಬಲವಾಗಿ ಉಸಿರೆಳೆದುಕೊಂಡು ಸೇರಿಸಿದೆ: "ನನಗೂ ಹಾಗೇ ಅನ್ನಿಸುತ್ತದೆ, ಅನಂತಯ್ಯನವರೇ."